ಬರೆದಿಟ್ಟ ಮದುವೆಗಳು, ಬರೆಯದ ಮದುವೆಗಳು

ಹತ್ತೊಂಬತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಮದ್ರಾಸಿನ ಕೆಲವು ಸ್ಕಾಟಿಷ್ ದಂಪತಿಗಳಿಗೆ ವಿಚಿತ್ರವಾದ ಚಿಂತೆಯೊಂದು ಹತ್ತಿಕೊಂಡಿತ್ತು. ತಮಗೆ ಮದುವೆ ಆಗಿದೆಯೋ ಇಲ್ಲವೋ ಎಂಬುದೇ ಆ ಚಿಂತೆ. ಪಾದ್ರಿಯ ಎದುರು ನಿಂತು ಒಪ್ಪಿಗೆ ಹೇಳಿದ್ದರು, ಸಾಕ್ಷಿಗಳಿದ್ದರು, ಪುಸ್ತಕದಲ್ಲಿ ರುಜುವೂ ಬಿದ್ದಿತ್ತು. ತೊಡಕು ಇದ್ದದ್ದು ಪಾದ್ರಿಯಲ್ಲಿ. ಆತ ಇಂಗ್ಲೆಂಡಿನ ಸಭೆಯವನಲ್ಲ, ಸ್ಕಾಟ್ಲೆಂಡಿನ ಸಭೆಯವನು. ಬಿಷಪ್ಪರ ಕೈಯಿಂದ ದೀಕ್ಷೆ ಪಡೆಯದವನು ಮಾಡಿಸಿದ ಮದುವೆ ಇಂಗ್ಲಿಷ್ ಕಾನೂನಿನ ಕಣ್ಣಿಗೆ ಮದುವೆಯೇ ಎಂದು ಒಬ್ಬರು ಕೇಳಿದರೆ ಸಾಕಿತ್ತು, ಹೆಂಡತಿಯ ಪಿಂಚಣಿ, ಮಕ್ಕಳ ಆಸ್ತಿ ಎಲ್ಲವೂ ತೂಗುಯ್ಯಾಲೆಗೆ ಬೀಳುತ್ತಿತ್ತು.

ಇದಕ್ಕೆ ಕಾರಣ 1813ರ ಚಾರ್ಟರ್ ಕಾಯ್ದೆಯ ಸುತ್ತ ನಡೆದ ಹಗ್ಗಜಗ್ಗಾಟ. ಆ ಕಾಯ್ದೆ ಕಲ್ಕತ್ತೆಗೆ ಒಬ್ಬ ಆಂಗ್ಲಿಕನ್ ಬಿಷಪ್ಪನನ್ನೂ ಪ್ರೆಸಿಡೆನ್ಸಿಗೊಬ್ಬ ಆರ್ಚ್‌ಡೀಕನ್‌ನನ್ನೂ ಕೊಟ್ಟಿತು. ಈಸ್ಟ್ ಇಂಡಿಯಾ ಕಂಪನಿಯ ಕಚೇರಿಗಳಲ್ಲಿ, ಪಲ್ಟಣಗಳಲ್ಲಿ, ವ್ಯಾಪಾರದ ಕೋಠಿಗಳಲ್ಲಿ ಸ್ಕಾಟರು ಕಿಕ್ಕಿರಿದಿದ್ದರು. ನಮಗೇನು ಎಂದು ಅವರು ಕೇಳಿದರು. ಕೊನೆಗೆ ಪ್ರೆಸಿಡೆನ್ಸಿಗೊಬ್ಬ ಸ್ಕಾಟಿಷ್ ಪಾದ್ರಿಯನ್ನೂ ಕಳುಹಿಸಲು ಕಂಪನಿ ಒಪ್ಪಿತು. ಹಾಗೆ ಮದ್ರಾಸಿಗೆ ಬಂದವನು ಜಾನ್ ಅಲನ್. ಸ್ಕಾಟ್ಲೆಂಡಿನಲ್ಲಿ ರಾಜ್ಯವೇ ಒಪ್ಪಿದ ಸಭೆ ಅವನದು. ಹಡಗು ಹತ್ತಿ ಇಳಿಯುವಷ್ಟರಲ್ಲಿ ಅದೇ ಸಭೆ ಅನುಮಾನದ ವಸ್ತುವಾಗಿತ್ತು.

1818ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಈ ಅನುಮಾನ ತೊಡೆಯಲೆಂದೇ ಒಂದು ಕಾಯ್ದೆ ಮಾಡಿತು. ಅದುವರೆಗೆ ಭಾರತದಲ್ಲಿ ಸ್ಕಾಟಿಷ್ ಪಾದ್ರಿಗಳು ಮಾಡಿಸಿದ ಮದುವೆಗಳು ಸಿಂಧುವಾದವು. ಮುಂದಿನವಕ್ಕೆ ಒಂದು ಕಟ್ಟಳೆ ಬಂತು: ಗಂಡು ಹೆಣ್ಣುಗಳಲ್ಲಿ ಒಬ್ಬರಾದರೂ ಸ್ಕಾಟ್ಲೆಂಡಿನ ಸಭೆಗೆ ಸೇರಿದವರಾಗಿರಬೇಕು, ಹಾಗೆಂದು ಬರೆದು ರುಜು ಹಾಕಬೇಕು. ಅದೇ ವರ್ಷದ ಏಪ್ರಿಲ್ 6ರಂದು ಮದ್ರಾಸಿನ ಎಗ್ಮೋರಿನಲ್ಲಿ ಆ ಸಭೆಯ ಸಂತ ಆಂಡ್ರೂಸ್ ಚರ್ಚಿಗೆ ಅಡಿಗಲ್ಲು ಬಿತ್ತು. ಮದ್ರಾಸಿನವರ ಬಾಯಲ್ಲಿ ಇವತ್ತಿಗೂ ಅದು ‘ಕರ್ಕ್’. 1821ರ ಫೆಬ್ರವರಿ 25ರಂದು ಪ್ರಾರ್ಥನೆಗೆ ತೆರೆದ ಆ ಕಟ್ಟಡವನ್ನು ನೋಡಿದರೆ, ಮದುವೆ ಮಾಡಿಸುವ ಹಕ್ಕಿಗಾಗಿ ಕಾದವರು ಯಾವ ಹಟದಲ್ಲಿ ಕಟ್ಟಿಸಿದ್ದಾರೆ ಎಂಬುದು ತಿಳಿಯುತ್ತದೆ. ಲಂಡನ್ನಿನ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಚರ್ಚಿನ ಮಾದರಿಯ ಗೋಪುರ, ನಡುವೆ ಹದಿನಾರು ಕಂಬಗಳ ಮೇಲೆ ನಿಂತ ಗುಮ್ಮಟ, ಗುಮ್ಮಟದ ಒಳಮೈಗೆ ನೀಲಿ ಬಣ್ಣ, ನೀಲಿಯಲ್ಲಿ ಚಿನ್ನದ ನಕ್ಷತ್ರಗಳು. ನೆಲ ಜೌಗಾದ್ದರಿಂದ ಇಡೀ ಕಟ್ಟಡವನ್ನು ಇಟ್ಟಿಗೆಯ ಬಾವಿಗಳ ಮೇಲೆ ನಿಲ್ಲಿಸಿದ್ದಾರೆ.

ಕಟ್ಟಿದ ಎಂಜಿನಿಯರ್ ಮೇಜರ್ ಥಾಮಸ್ ಡಿ ಹ್ಯಾವಿಲೆಂಡ್ ನಮ್ಮ ಕಡೆಯವರಿಗೆ ಅಪರಿಚಿತನಲ್ಲ. ಶ್ರೀರಂಗಪಟ್ಟಣದಲ್ಲಿ ತನ್ನ ಮನೆಯ ತೋಟದಲ್ಲಿ ಸುಮಾರು ನೂರು ಅಡಿ ಅಗಲದ ಒಂದೇ ಒಂದು ಇಟ್ಟಿಗೆ ಕಮಾನು ನಿಲ್ಲಿಸಿ, ಕಾವೇರಿಗೆ ಇಂಥ ಸೇತುವೆ ಹಾಕಬಹುದು ಎಂದು ತೋರಿಸಿದವನು ಅವನೇ. ಸೇತುವೆ ಆಗಲಿಲ್ಲ. ಕಮಾನು ಮಾತ್ರ 1937ರವರೆಗೆ ನಿಂತು ಆಮೇಲೆ ಬಿತ್ತು. ಎಗ್ಮೋರಿನ ಗುಮ್ಮಟ ನಿಂತೇ ಇದೆ.

ಗೋಪುರದ ಎತ್ತರದ ವಿಷಯದಲ್ಲೂ ಆ ಕಾಲದ ಜಗಳದ ವಾಸನೆ ಇದೆ. ಕಲ್ಕತ್ತೆಯಲ್ಲಿ ಬಿಷಪ್ ಮಿಡಲ್ಟನ್ನನಿಗೂ ಸ್ಕಾಟಿಷ್ ಪಾದ್ರಿ ಜೇಮ್ಸ್ ಬ್ರೈಸನಿಗೂ ಯಾರ ಗೋಪುರ ಎತ್ತರ ಎಂಬ ಕಾರಣಕ್ಕೆ ಜಟಾಪಟಿ ನಡೆದು, ಸ್ಕಾಟರು ತಮ್ಮ ಗೋಪುರದ ತುದಿಗೆ ಲೋಹದ ಹುಂಜ ಕೂರಿಸಿ ‘ಬಿಷಪ್ಪನ ತಲೆಯ ಮೇಲೆ ಕೂಗಲಿ’ ಎಂದರಂತೆ. ನಿಜವೋ ಕಟ್ಟಿದ್ದೋ, ಕಥೆ ಮಾತ್ರ ಕಲ್ಕತ್ತೆಯಲ್ಲಿ ಉಳಿದಿದೆ.

ಪುಸ್ತಕದಲ್ಲಿ ಮದುವೆಯ ಒಂದು ಸಾಲು ಬರೆಯುವುದಕ್ಕೆ ಇಷ್ಟು ರಾದ್ಧಾಂತ ಏಕೆ ಎಂದು ನಮಗೆ ಅನಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಮದುವೆಗೆ ಊರೇ ಸಾಕ್ಷಿ. ಲಗ್ನಪತ್ರಿಕೆ ಬರೆಯುತ್ತಿದ್ದರು, ಕೆಲಸ ಮುಗಿದ ಮೇಲೆ ಅದನ್ನು ಜೋಪಾನ ಮಾಡುವವರು ಕಡಿಮೆ. ಆಳುವವರು ಮದುವೆಯನ್ನು ಎಣಿಸಿದ್ದು ತೆರಿಗೆಗಾಗಿ. ವಿಜಯನಗರ ಕಾಲದ ಎಷ್ಟೋ ಶಾಸನಗಳು ಮದುವೆ ಸುಂಕವನ್ನು ಮನ್ನಾ ಮಾಡಿದ ಸಂಗತಿಯನ್ನು ಕಲ್ಲಿನಲ್ಲಿ ಕೊರೆದಿವೆ. ಸುಂಕ ಬಿಟ್ಟದ್ದು ಕಲ್ಲಿಗೆ ಏರಿತು, ಮದುವೆಯಾದವರ ಹೆಸರು ಏರಲಿಲ್ಲ. ಇಂಗ್ಲೆಂಡಿನ ಹಳ್ಳಿಯ ಪಾದ್ರಿಗೋ 1538ರಲ್ಲೇ ಅಪ್ಪಣೆಯಾಗಿತ್ತು. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್, ಪ್ರತಿ ಪ್ಯಾರಿಷ್ ಒಂದು ಪುಸ್ತಕ ಇಟ್ಟು ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆಯಬೇಕು ಎಂದ. ಹೊಸ ತೆರಿಗೆಗೆ ಇದು ಪೀಠಿಕೆ ಎಂದು ಅಲ್ಲಿನ ರೈತರು ಗುಮಾನಿಪಟ್ಟರು. ಪುಸ್ತಕವನ್ನು ಇಡುವ ಪೆಟ್ಟಿಗೆಗೆ ಒಂದಕ್ಕಿಂತ ಹೆಚ್ಚು ಬೀಗ ಹಾಕಿ ಕೀಲಿಗಳನ್ನು ಬೇರೆ ಬೇರೆಯವರ ಹತ್ತಿರ ಇಟ್ಟರು. 1753ರ ಹಾರ್ಡ್‌ವಿಕ್ ಕಾಯ್ದೆ ಬಂದ ಮೇಲೆ ಮದುಮಗ, ಮದುಮಗಳು, ಪಾದ್ರಿ, ಇಬ್ಬರು ಸಾಕ್ಷಿಗಳು ರುಜು ಹಾಕದೆ ಇಂಗ್ಲೆಂಡಿನಲ್ಲಿ ಮದುವೆಯ ದಾಖಲೆ ಪೂರ್ತಿಯಾಗುತ್ತಿರಲಿಲ್ಲ. ಆದರೆ ಆ ಕಾಯ್ದೆ ಸಮುದ್ರ ದಾಟಲಿಲ್ಲ. ಭಾರತದಲ್ಲಿ ಪುಸ್ತಕ ಇಟ್ಟದ್ದು ಮುಖ್ಯವಾಗಿ ರೂಢಿಯ ಬಲದಿಂದ ಮತ್ತು ಕಂಪನಿಯ ಲೆಕ್ಕದ ಚಟದಿಂದ.

ಮದ್ರಾಸಿನಲ್ಲಿ ಆ ರೂಢಿ ಶುರುವಾದದ್ದು ಎಗ್ಮೋರಿನಿಂದ ನಾಲ್ಕು ಕಿಲೋಮೀಟರ್ ಆಸುಪಾಸಿನಲ್ಲಿರುವ ಸೇಂಟ್ ಜಾರ್ಜ್ ಕೋಟೆಯ ಸಂತ ಮೇರಿ ಚರ್ಚಿನಲ್ಲಿ. 1680ರ ಅಕ್ಟೋಬರ್ 28ರಂದು ಚರ್ಚು ಪ್ರತಿಷ್ಠೆಯಾಯಿತು. ವಾರ ಕಳೆಯಿತು, ನವೆಂಬರ್ 4ಕ್ಕೆ ಮೊದಲ ಮದುವೆ. ವರ ಎಲಿಹು ಯೇಲ್, ಮುಂದೆ ಮದ್ರಾಸಿನ ಗವರ್ನರ್ ಆಗಿ, ಅಮೆರಿಕದ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟವನು. ವಧು ಕ್ಯಾಥರೀನ್, ಅದೇ ವರ್ಷ ತೀರಿಕೊಂಡ ಕಂಪನಿ ಅಧಿಕಾರಿ ಜೋಸೆಫ್ ಹಿನ್ಮರ್ಸನ ವಿಧವೆ. ಮದುವೆ ಮಾಡಿಸಿದವನು ರಿಚರ್ಡ್ ಪೋರ್ಟ್‌ಮನ್. ಧಾರೆ ಎರೆಯುವ ತಂದೆಯ ಜಾಗದಲ್ಲಿ ನಿಂತವನು ಗವರ್ನರ್ ಸ್ಟ್ರೆನ್‌ಷಮ್ ಮಾಸ್ಟರ್. ವರನ ಕಡೆ ಇಬ್ಬರು ಗೆಳೆಯರು, ವಧುವಿನ ಕಡೆ ಇಬ್ಬರು ಗೆಳತಿಯರು, ಅವರ ಹೆಸರುಗಳೂ ಪುಸ್ತಕದಲ್ಲಿವೆ. ಬೆರಳೆಣಿಕೆಯಷ್ಟು ಇಂಗ್ಲಿಷ್ ಹೆಂಗಸರಿದ್ದ ಆ ಕೋಟೆಯಲ್ಲಿ ವಿಧವೆ ಬಹುಕಾಲ ವಿಧವೆಯಾಗಿ ಉಳಿಯುತ್ತಿರಲಿಲ್ಲ. ಉಷ್ಣ, ಭೇದಿ, ಜ್ವರಗಳು ಗಂಡಂದಿರನ್ನು ಒಯ್ಯುತ್ತಿದ್ದ ವೇಗಕ್ಕೆ ಮದುವೆಯ ಪುಸ್ತಕವೂ ಶವಸಂಸ್ಕಾರದ ಪುಸ್ತಕವೂ ಜೊತೆಜೊತೆಗೆ ತುಂಬುತ್ತಿದ್ದವು. ಯೇಲ್ ದಂಪತಿಯ ಮಗ ಡೇವಿಡ್ ಎಳವೆಯಲ್ಲೇ ಸತ್ತ. ಅವನನ್ನು ಹೂಳಿದ್ದು ತಾಯಿಯ ಮೊದಲ ಗಂಡನ ಸಮಾಧಿಯಲ್ಲಿ. ಮದ್ರಾಸಿನ ಲಾ ಕಾಲೇಜಿನ ಆವರಣದಲ್ಲಿದ್ದ ಎತ್ತರದ ಗೋರಿ ಅವರಿಬ್ಬರದು.

ಇದೇ ಯೇಲನ ಬದುಕಿನ ಇನ್ನೊಂದು ಭಾಗ ಮದುವೆ ಪುಸ್ತಕದಲ್ಲಿಲ್ಲ. ಕ್ಯಾಥರೀನ್ ಇಂಗ್ಲೆಂಡಿಗೆ ಮರಳಿದ ಮೇಲೆ ಆತ ಹಿರೋನಿಮಾ ಡಿ ಪೈವಾ ಎಂಬ ಹೆಂಗಸಿನೊಂದಿಗೆ ಮದ್ರಾಸಿನಲ್ಲಿ ಸಂಸಾರ ಮಾಡಿದ. ಆಕೆ ಗೋಲ್ಕೊಂಡದ ವಜ್ರ ವ್ಯಾಪಾರಕ್ಕೆ ಬಂದಿದ್ದ ಪೋರ್ಚುಗೀಸ್ ಮೂಲದ ಯಹೂದಿ ವರ್ತಕನ ವಿಧವೆ. ಅವರಿಗೆ ಚಾರ್ಲ್ಸ್ ಎಂಬ ಮಗನಿದ್ದ. ಊರಿಗೆಲ್ಲ ಗೊತ್ತಿದ್ದ ಈ ಸಂಬಂಧಕ್ಕೆ ಒಂದು ಸಾಲಿನ ಯೋಗ್ಯತೆಯೂ ಇರಲಿಲ್ಲ. ಮದುವೆ ಪುಸ್ತಕಗಳನ್ನು ಚರಿತ್ರೆಯ ಆಕರವೆಂದು ಹೊಗಳುವಾಗ ಈ ಹೆಂಗಸನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಪುಸ್ತಕ ಯಾರು ಯಾರೊಂದಿಗೆ ಬಾಳಿದರು ಎಂದು ಹೇಳುವುದಿಲ್ಲ, ಯಾರ ಬಾಳಿಗೆ ಕಂಪನಿಯ ಒಪ್ಪಿಗೆ ಇತ್ತು ಎಂದಷ್ಟೇ ಹೇಳುತ್ತದೆ.

ಆ ಒಪ್ಪಿಗೆ ಕಾಲಕಾಲಕ್ಕೆ ಬದಲಾದ ಬಗೆ ಸ್ವಾರಸ್ಯವಾಗಿದೆ. ಕೋಟೆಯ ಸಿಪಾಯಿಗಳು ಪೋರ್ಚುಗೀಸ್ ಮೂಲದ ಕ್ಯಾಥೊಲಿಕ್ ಹೆಂಗಸರನ್ನು ಮದುವೆಯಾಗತೊಡಗಿದಾಗ ಮದ್ರಾಸ್ ಕೌನ್ಸಿಲ್ 1680ರಲ್ಲೇ ತಲೆ ಕೆಡಿಸಿಕೊಂಡು, ಮಕ್ಕಳನ್ನು ಪ್ರಾಟೆಸ್ಟೆಂಟರಾಗಿ ಬೆಳೆಸುತ್ತೇವೆಂದು ಮಾತು ಕೊಟ್ಟರೆ ಅಡ್ಡಿಯಿಲ್ಲ ಎಂದಿತು. 1687ರಲ್ಲಿ ಲಂಡನ್ನಿನ ನಿರ್ದೇಶಕರು ಒಂದು ಹೆಜ್ಜೆ ಮುಂದೆ ಹೋದರು. ಸಿಪಾಯಿಗಳು ಇಲ್ಲಿಯ ಹೆಂಗಸರನ್ನು ಮದುವೆಯಾಗುವುದು ಕಂಪನಿಗೆ ಲಾಭದ ಸಂಗತಿ, ಅಂಥ ಮದುವೆಯಲ್ಲಿ ಹುಟ್ಟಿದ ಮಗುವಿನ ದೀಕ್ಷಾಸ್ನಾನದ ದಿನ ತಾಯಿಗೆ ಒಂದು ಪಗೋಡ ನಾಣ್ಯ ಕೊಡುವ ಯೋಚನೆ ಇದೆ ಎಂದು ಬರೆದರು. ಊರಿನಿಂದ ಸಿಪಾಯಿಗಳನ್ನು ಹಡಗಿನಲ್ಲಿ ತರಿಸುವುದಕ್ಕಿಂತ ಇಲ್ಲೇ ಹುಟ್ಟಿಸಿಕೊಂಡರೆ ಅಗ್ಗ ಎಂಬ ಲೆಕ್ಕಾಚಾರ ಅದು. ನೂರು ವರ್ಷ ಕಳೆದು 1791 ಬಂದಾಗ ಅದೇ ಕಂಪನಿ, ತಂದೆ ತಾಯಿಗಳಲ್ಲಿ ಒಬ್ಬರು ಭಾರತೀಯರಾದವರಿಗೆ ತನ್ನ ಸಿವಿಲ್, ಸೈನ್ಯ, ನೌಕಾ ಸೇವೆಗಳಲ್ಲಿ ಅಧಿಕಾರದ ಹುದ್ದೆ ಇಲ್ಲ ಎಂದು ಬಾಗಿಲು ಹಾಕಿತು. ಚರ್ಚಿನಲ್ಲಿ ಕಾನೂನುಬದ್ಧವಾಗಿ ಮದುವೆಯಾಗಿದ್ದ ತಾಯಂದಿರ ಮಕ್ಕಳೂ ಆ ಬಾಗಿಲ ಹೊರಗೇ ಉಳಿದರು. ಭಾರತೀಯ ವಧುವನ್ನು ಪಾದ್ರಿಗಳು ಬರೆದುಕೊಂಡ ರೀತಿಯೂ ಇದಕ್ಕೆ ತಕ್ಕಂತೆಯೇ ಇತ್ತು. ಆಕೆಗೆ ಹೊಸದಾಗಿ ಇಟ್ಟ ಕ್ರಿಸ್ತ ಹೆಸರು, ಎಷ್ಟೋ ಸಲ ಅಷ್ಟೇ. ಅಪ್ಪ ಯಾರು, ಊರು ಯಾವುದು, ಹುಟ್ಟಿದಾಗಿನ ಹೆಸರೇನು ಎಂಬುದು ಇಲ್ಲ. ವಂಶದ ಬೇರು ಹುಡುಕುತ್ತ ಹೋದವರಿಗೆ ತಂದೆಯ ಕಡೆ ಸ್ಕಾಟ್ಲೆಂಡಿನ ಹಳ್ಳಿಯವರೆಗೆ ದಾರಿ ಸಿಗುತ್ತದೆ, ತಾಯಿಯ ಕಡೆ ಮದ್ರಾಸಿನ ಮೊದಲ ಬೀದಿಯಲ್ಲೇ ದಾರಿ ಮುಗಿಯುತ್ತದೆ.

ಅಂಥ ಮಕ್ಕಳ ಗತಿ ನೋಡಬೇಕಾದರೆ ಮತ್ತೆ ಎಗ್ಮೋರಿಗೆ ಬರಬೇಕು. ಈಗ ರೈಲು ನಿಲ್ದಾಣ ಇರುವಲ್ಲಿ ಕಂಪನಿಯ ಒಂದು ಪುಟ್ಟ ಕೋಟೆ ಇತ್ತು. 1789ರಲ್ಲಿ ಅಲ್ಲಿ ಗಂಡುಮಕ್ಕಳ ಅನಾಥಾಲಯ ಶುರುವಾಯಿತು. ಐರೋಪ್ಯ ಸಿಪಾಯಿಗಳ ಮಕ್ಕಳಿಗಾಗಿ ಮಾಡಿದ ಸಂಸ್ಥೆ ಅದು. ಆ ಮಕ್ಕಳಲ್ಲಿ ಬಹುಮಂದಿಯ ತಾಯಂದಿರು ಇಲ್ಲಿಯವರು, ಹಲವರ ಅಪ್ಪ ಅಮ್ಮಂದಿರ ಹೆಸರು ಯಾವ ಮದುವೆ ಪುಸ್ತಕದಲ್ಲೂ ಇರಲಿಲ್ಲ. ಅದರ ಮೇಲ್ವಿಚಾರಕನಾದವನು ಆಂಡ್ರೂ ಬೆಲ್ ಎಂಬ ಪಾದ್ರಿ. ಸುತ್ತಲಿನ ತಿಣ್ಣೆ ಶಾಲೆಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು, ಅದನ್ನೇ ತನ್ನ ಶಾಲೆಗೂ ತಂದ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಪದ್ಧತಿ ಮಾಡಿದ. ನಮ್ಮ ಕೂಲಿಮಠಗಳಲ್ಲಿ ಓದಿದ ಅಜ್ಜಂದಿರಿಗೆ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ. ಬೆಲ್ ಊರಿಗೆ ಹೋಗಿ 1797ರಲ್ಲಿ ಪುಸ್ತಕ ಬರೆದ, ಅದು ‘ಮದ್ರಾಸ್ ಪದ್ಧತಿ’ ಎಂದು ಹೆಸರಾಗಿ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲೆಲ್ಲ ಹಬ್ಬಿತು. ಇಂಗ್ಲೆಂಡಿನ ಹಳ್ಳಿಯ ಕೂಲಿಕಾರರ ಮಕ್ಕಳು ಮುಂದೆ ತಮ್ಮ ಮದುವೆಯ ದಿನ ಗೀಟು ಎಳೆಯದೆ ಹೆಸರು ಬರೆಯುವುದನ್ನು ಕಲಿತದ್ದರಲ್ಲಿ ಎಗ್ಮೋರಿನ ತಬ್ಬಲಿಗಳ ಪಾಲೂ ಇದೆ.

ಹತ್ತೊಂಬತ್ತನೆಯ ಶತಮಾನದ ನಡುವೆ ಮದುವೆಯ ಅನುಮಾನ ಮತ್ತೆ ಎದ್ದಿತು, ಈ ಸಲ ಐರ್ಲೆಂಡಿನಿಂದ. ಜಾರ್ಜ್ ಮಿಲ್ಲಿಸ್ ಎಂಬಾತ ಅಲ್ಲಿ ಪ್ರೆಸ್ಬಿಟೇರಿಯನ್ ಪಾದ್ರಿಯ ಎದುರು ಮದುವೆಯಾಗಿ, ಆಮೇಲೆ ಇಂಗ್ಲೆಂಡಿನಲ್ಲಿ ಬೇರೊಬ್ಬಳನ್ನು ಕಟ್ಟಿಕೊಂಡಿದ್ದ. ದ್ವಿಪತ್ನಿತ್ವದ ಮೊಕದ್ದಮೆ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. 1844ರಲ್ಲಿ ಲಾರ್ಡ್‌ಗಳು ಸಮ ಸಮ ಭಾಗವಾದರು. ಹಾಗಾಗಿ ಕೆಳಗಿನ ತೀರ್ಪೇ ನಿಂತು ಮಿಲ್ಲಿಸ್ ಪಾರಾದ. ಬಿಷಪ್ಪರ ದೀಕ್ಷೆ ಇಲ್ಲದ ಪಾದ್ರಿ ಮಾಡಿಸಿದ ಮೊದಲ ಮದುವೆ ಮದುವೆಯೇ ಅಲ್ಲ ಎಂದಾಯಿತು. ಭಾರತದಲ್ಲಿ ಇದು ಸಿಡಿಲು. ಬಳ್ಳಾರಿಯಲ್ಲಿ 1810ರಿಂದ, ಬೆಂಗಳೂರಿನಲ್ಲಿ 1820ರಿಂದ ಲಂಡನ್ ಮಿಷನ್ನಿನವರಿದ್ದರು, ವೆಸ್ಲಿಯನ್ನರಿದ್ದರು, ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಜರ್ಮನರಿದ್ದರು. ಯಾರಿಗೂ ಆಂಗ್ಲಿಕನ್ ಬಿಷಪ್ಪನ ದೀಕ್ಷೆ ಇರಲಿಲ್ಲ. ಆ ತರ್ಕವನ್ನು ಕೊನೆಯವರೆಗೆ ಎಳೆದರೆ ಇನ್ನೊಂದು ತಮಾಷೆ ಕಾಣುತ್ತದೆ. 1753ರ ಫೆಬ್ರವರಿ 18ರಂದು ಸಂತ ಮೇರಿ ಚರ್ಚಿನಲ್ಲಿ ರಾಬರ್ಟ್ ಕ್ಲೈವ್ ಮಾರ್ಗರೆಟ್ ಮ್ಯಾಸ್ಕಲೀನ್‌ಳನ್ನು ಮದುವೆಯಾದಾಗ ಅದನ್ನು ಮಾಡಿಸಿದವನು ಎಗ್ಮೋರಿಗೆ ಅಂಟಿಕೊಂಡಿರುವ ವೇಪೇರಿಯ ಲೂಥರನ್ ಮಿಷನರಿ, ತಮಿಳು ನಿಘಂಟಿನ ಫ್ಯಾಬ್ರಿಷಿಯಸ್. ಕ್ಲೈವನ ಮದುವೆಯ ಸಿಂಧುತ್ವವನ್ನು ಪ್ರಶ್ನಿಸುವ ಧೈರ್ಯ ಮಾತ್ರ ಯಾರೂ ಮಾಡಿದಂತಿಲ್ಲ. ದೊಡ್ಡವರ ಮದುವೆಗೆ ಯಾವ ಪಾದ್ರಿಯಾದರೂ ಸೈ.

ಬೊಂಬಾಯಿಯ ಸುಪ್ರೀಂ ಕೋರ್ಟು 1849ರಲ್ಲಿ ಸೂರತ್ತಿನ ಒಂದು ಮದುವೆಯ ಮೊಕದ್ದಮೆಯಲ್ಲಿ ನೆಟ್ಟಗೆ ಯೋಚಿಸಿತು. ಪಾದ್ರಿಯೇ ಇಲ್ಲದ ನಾಡಿಗೆ ಬಂದ ಇಂಗ್ಲಿಷರು ಆ ಕಟ್ಟಳೆಯನ್ನೂ ಗಂಟುಕಟ್ಟಿ ತಂದರು ಎನ್ನಲಾಗದು, ಮಿಷನರಿ ಮಾಡಿಸಿದ ಮದುವೆ ಸರಿ ಎಂದಿತು. ಆಮೇಲೆ ಕಾಯ್ದೆಗಳ ಸಾಲು. 1851ರಲ್ಲಿ ಪಾರ್ಲಿಮೆಂಟಿನದು, ಮರುವರ್ಷ ಭಾರತದ್ದು, ಕೊನೆಗೆ ಎಲ್ಲವನ್ನೂ ಒಟ್ಟುಮಾಡಿದ 1872ರ ಕ್ರೈಸ್ತ ವಿವಾಹ ಕಾಯ್ದೆ. ಇದು ಈಗಲೂ ಜಾರಿಯಲ್ಲಿದೆ. ಬೆಳಿಗ್ಗೆ ಆರರಿಂದ ಸಂಜೆ ಏಳರೊಳಗೆ ಮದುವೆ ಆಗಬೇಕು ಎಂಬ ನಿಯಮ ಅದರಲ್ಲೇ ಇದೆ. ಭಾರತೀಯ ಕ್ರೈಸ್ತರಿಗೆ ಅದು ಬೇರೆ ಅಧ್ಯಾಯ, ಬೇರೆ ಪುಸ್ತಕ ಗೊತ್ತುಮಾಡಿತು. ಆಗ ವರನಿಗೆ ಹದಿನಾರು, ವಧುವಿಗೆ ಹದಿಮೂರು ದಾಟಿದ್ದರೆ ಸಾಕಿತ್ತು. ಬರೆಯುವುದಕ್ಕೆ ಇಂಗ್ಲಿಷೇ ಬೇಕೆಂದಿಲ್ಲ, ಆ ಜಿಲ್ಲೆಯ ಆಡುನುಡಿಯಲ್ಲೂ ಬರೆಯಬಹುದು ಎಂದಿತು; ಮದ್ರಾಸಿನಲ್ಲಿ ತಮಿಳಿಗೆ ಸಿಕ್ಕ ಈ ಜಾಗ ಮಂಗಳೂರು ಬಳ್ಳಾರಿಗಳಲ್ಲಿ ಕನ್ನಡಕ್ಕೂ ಸಿಕ್ಕಿತು. ಬಿಳಿಯರ ಪುಸ್ತಕ ಒಂದು, ಕರಿಯರ ಪುಸ್ತಕ ಇನ್ನೊಂದು ಎಂಬ ಏರ್ಪಾಡಿನಿಂದ ಹುಟ್ಟಿದ ಒಂದೇ ಒಂದು ಒಳ್ಳೆಯ ಸಂಗತಿ ಇದು ಎಂದು ನನಗೆ ಅನಿಸುತ್ತದೆ.

ಕೋಟೆಯ ಪುಸ್ತಕವನ್ನು ಪಾದ್ರಿ ಬರೆದರೆ ಅದರ ನಕಲು ಲಂಡನ್ನಿಗೆ ಹೋಗುತ್ತಿತ್ತು. ಮದ್ರಾಸಿನ ನಕಲುಗಳು 1698ರಿಂದ ಇವೆ, ಈಗ ಬ್ರಿಟಿಷ್ ಲೈಬ್ರರಿಯಲ್ಲಿ. ಕಲ್ಕತ್ತೆ ಬೊಂಬಾಯಿಗಳ ಸರಣಿಗಳು ಇಷ್ಟು ಹಿಂದಕ್ಕೆ ಹೋಗುವುದಿಲ್ಲ. ಬೆಂಗಳೂರು ದಂಡಿನವರು ಹುಡುಕಬೇಕಾದದ್ದೂ ಈ ಮದ್ರಾಸ್ ಸಂಪುಟಗಳಲ್ಲೇ. ಮೈಸೂರು ಮಹಾರಾಜರ ರಾಜ್ಯದೊಳಗಿದ್ದರೂ ಬೆಂಗಳೂರಿನ ಸಂತ ಮಾರ್ಕ್ಸ್ ಚರ್ಚಿನ ಪಾದ್ರಿ ಮದ್ರಾಸಿನ ಅಧೀನದವನು. 1835ರಲ್ಲಿ ಮದ್ರಾಸಿಗೆ ಬಿಷಪ್ ಬಂದ ಮೇಲೂ ಮೈಸೂರು ಸೀಮೆ ಆತನ ಪ್ರಾಂತದಲ್ಲೇ ಇತ್ತು. ಟ್ರಿನಿಟಿ ವೃತ್ತದ ಬಳಿ ಮದುವೆಯಾದ ಗೋರಾ ಸಿಪಾಯಿಯ ಹೆಸರು ಮದ್ರಾಸಿನ ಹಾದಿಯಾಗಿ ಥೇಮ್ಸ್ ನದಿ ತಲುಪುತ್ತಿತ್ತು. ಒಮ್ಮೆ ಇದು ತಿರುವುಮುರುವಾಗಿಯೂ ನಡೆದದ್ದುಂಟು. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜನ ಮಗಳು ಗೌರಮ್ಮನಿಗೆ 1852ರಲ್ಲಿ ರಾಣಿ ವಿಕ್ಟೋರಿಯಾಳೇ ಧರ್ಮಮಾತೆಯಾಗಿ ನಿಂತು ದೀಕ್ಷಾಸ್ನಾನ ಮಾಡಿಸಿದಳು. 1860ರಲ್ಲಿ ಆಕೆ ಕರ್ನಲ್ ಜಾನ್ ಕ್ಯಾಂಪ್ಬೆಲ್‌ನನ್ನು ಇಂಗ್ಲೆಂಡಿನಲ್ಲಿ ಮದುವೆಯಾದಳು. ಕೊಡಗಿನ ಅರಮನೆಯ ಹೆಣ್ಣು ಇಂಗ್ಲಿಷ್ ದಾಖಲೆಯ ಸಾಲಾದಳು.

ಮೂಲ ಪುಸ್ತಕಗಳು ಬಹುಮಟ್ಟಿಗೆ ಚರ್ಚುಗಳಲ್ಲೇ ಉಳಿದರೆ, ಅವುಗಳ ಸುತ್ತ ನಡೆದ ಪತ್ರವ್ಯವಹಾರ ಸರ್ಕಾರದ ಕಡತ ಸೇರಿತು. ಆ ಕಡತಗಳಿಗೆಂದೇ 1909ರಲ್ಲಿ ಎಗ್ಮೋರಿನಲ್ಲಿ ಕೆಂಪು ಕಟ್ಟಡವೊಂದು ಎದ್ದಿತು, ಮದ್ರಾಸ್ ರೆಕಾರ್ಡ್ ಆಫೀಸು, ಈಗಿನ ತಮಿಳುನಾಡು ಪತ್ರಾಗಾರ. ಎದುರಿಗೆ ಅದರ ಹಿಂದಿನ ವರ್ಷವಷ್ಟೇ ತೆರೆದ ರೈಲು ನಿಲ್ದಾಣ. ಅದರ ವಿನ್ಯಾಸದಲ್ಲಿ ಮೈಸೂರು ಅರಮನೆಯ ಹೆನ್ರಿ ಇರ್ವಿನ್ನನ ಕೈಯಿದೆ, ಕಟ್ಟಿಸಿದವನು ಬೆಂಗಳೂರಿನ ಗುತ್ತಿಗೆದಾರ ಸಾಮಿನಾಥ ಪಿಳ್ಳೆ. ಪತ್ರಾಗಾರವನ್ನು ಬಹುಕಾಲ ನೋಡಿಕೊಂಡ ಕ್ಯುರೇಟರ್ ಬಂಟ್ವಾಳ ಸುರೇಂದ್ರನಾಥ ಬಾಳಿಗ. ದಕ್ಷಿಣ ಕನ್ನಡದ ಊರಿನ ಹೆಸರನ್ನು ಹೆಸರಲ್ಲೇ ಹೊತ್ತ ಆ ಇತಿಹಾಸಕಾರ ಕಂಪನಿ ಆಡಳಿತದ ಕಾಗದಗಳನ್ನು ಓದಿ ಬರೆದ ಲೇಖನಗಳು ಇವತ್ತಿಗೂ ಸಂಶೋಧಕರ ಕೈಗೆ ಬರುತ್ತವೆ.

ಈ ಹಳೆಯ ಸಾಲುಗಳಿಗೆ ಕೊನೆಯ ಸಲ ಗಿರಾಕಿ ಹೆಚ್ಚಿದ್ದು ಸ್ವಾತಂತ್ರ್ಯ ಬಂದ ಮೇಲೆ. 1948ರ ಬ್ರಿಟಿಷ್ ರಾಷ್ಟ್ರೀಯತಾ ಕಾಯ್ದೆಯಲ್ಲಿ ವಂಶದ ಮೂಲಕ ಪೌರತ್ವ ಬರುತ್ತಿದ್ದದ್ದು ತಂದೆಯ ಕಡೆಯಿಂದ, ಅದೂ ಕಾನೂನು ಒಪ್ಪಿದ ಮದುವೆಯಲ್ಲಿ ಹುಟ್ಟಿದವರಿಗೆ. ರೈಲ್ವೆಯಲ್ಲಿ, ಅಂಚೆ ತಂತಿ ಇಲಾಖೆಯಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ ದುಡಿಯುತ್ತಿದ್ದ ಆಂಗ್ಲೋ-ಇಂಡಿಯನ್ ಕುಟುಂಬಗಳು ಹಡಗಿನ ಟಿಕೆಟ್ಟಿಗಿಂತ ಮೊದಲು ಅಜ್ಜ, ಮುತ್ತಜ್ಜಂದಿರ ಮದುವೆಯ ನಕಲು ಹುಡುಕಬೇಕಾಯಿತು. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ ಮನೆತನದ ಹೆಸರು ದೀಕ್ಷಾಸ್ನಾನದ ಪುಸ್ತಕದಲ್ಲಿ ಒಂದು ಬಗೆ, ಮದುವೆಯ ಪುಸ್ತಕದಲ್ಲಿ ಇನ್ನೊಂದು ಬಗೆ. ಎರಡೂ ಒಬ್ಬನೇ ಮನುಷ್ಯನದೆಂದು ಮ್ಯಾಜಿಸ್ಟ್ರೇಟರ ಎದುರು ಅಫಿಡವಿಟ್ ಮಾಡಿಸಿಕೊಂಡು ಬನ್ನಿ ಎಂದು ಕಚೇರಿಯವರು ಹೇಳುತ್ತಿದ್ದರು.